ಮಾರ್ಸೆಯ ಕಲಾಂಕ್‌ಗೆ ಹೊರಟಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಮಾರ್ಸೆಯಲ್ಲಿ ಮನೆ ಮಾಡಿದ ಮೇಲೆ ಊರಿನಿಂದ ಬರುವ ಫೋನುಗಳಲ್ಲಿ ಅರ್ಧ ಇದೇ ವಿಷಯ. "ಬಿಳಿ ಬಂಡೆ, ನೀಲಿ ನೀರು ಇರೋ ಆ ಜಾಗ ನಿಮ್ಮ ಮನೆ ಹತ್ರಾನೇ ಅಲ್ವಾ? ಒಂದು ದಿನ ಸಾಕಾ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು ಬರೆದು ಸಾಕಾಯಿತು. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಬಸ್ಸಿನ ವೇಳೆ, ತಾರೀಕು, ನಿಯಮ ವರ್ಷಕ್ಕೊಮ್ಮೆ ಅಲ್ಪಸ್ವಲ್ಪ ಬದಲಾಗುತ್ತವೆ. ಹೊರಡುವ ಮುಂಚೆ ಕಲಾಂಕ್ ರಾಷ್ಟ್ರೀಯ ಉದ್ಯಾನದ ವೆಬ್‌ಸೈಟನ್ನು ಒಮ್ಮೆ ನೋಡಿಬಿಡಿ.

ಕಲಾಂಕ್ ಅಂದ್ರೆ ಏನು? ಬೀಚಾ, ಬೆಟ್ಟಾನಾ?

ಎರಡೂ ಹೌದು. ಸುಣ್ಣಕಲ್ಲಿನ ಬೆಟ್ಟ ಕಡಿದಾಗಿ ಸಮುದ್ರಕ್ಕೆ ಇಳಿಯುತ್ತದೆ. ಆ ಬೆಟ್ಟದ ಸಂದಿಗಳೊಳಗೆ ಸಮುದ್ರ ನುಗ್ಗಿ ನಿಂತಿದೆ. ಎರಡೂ ಕಡೆ ಬಿಳಿ ಗೋಡೆ, ನಡುವೆ ಕಿರಿದಾದ ನೀರಿನ ಓಣಿ, ಓಣಿಯ ಕೊನೆಯಲ್ಲಿ ಅಂಗಳದಷ್ಟು ದಡ. ಇದೇ ಕಲಾಂಕ್. ಹಿಮಯುಗದಲ್ಲಿ ಇಲ್ಲಿ ಸಮುದ್ರದ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಇವೆಲ್ಲ ಒಣ ಕಣಿವೆಗಳು. ಹಿಮ ಕರಗಿ ನೀರು ಏರಿತು, ಕಣಿವೆಗಳ ಬುಡ ಮುಳುಗಿತು. ನಾವು ಈಜುವುದು ಮುಳುಗಿದ ಕಣಿವೆಯ ಮೇಲೆ.

ದಕ್ಷಿಣ ಫ್ರಾನ್ಸಿನ ಮಾರ್ಸೆ ನಗರದ ಅಂಚಿನಿಂದ ಶುರುವಾಗಿ ಪೂರ್ವಕ್ಕೆ ಕಸ್ಸಿ ಎಂಬ ಪುಟ್ಟ ಬಂದರಿನ ಊರು ದಾಟುವವರೆಗೂ ಈ ಕರಾವಳಿ ಹೀಗೇ ಇದೆ. 2012ರ ಏಪ್ರಿಲ್ 18ರಂದು ಇದನ್ನು ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದರು. ನೆಲದ ಮೇಲೆ ಸುಮಾರು 8,500 ಹೆಕ್ಟೇರ್, ಸಮುದ್ರದಲ್ಲಿ ಸುಮಾರು 43,500 ಹೆಕ್ಟೇರ್. ಅಂದರೆ ಪಾರ್ಕಿನ ಜಾಸ್ತಿ ಪಾಲು ಇರೋದು ನೀರಿನಲ್ಲಿ. ಎಂಟು ಲಕ್ಷಕ್ಕೂ ಹೆಚ್ಚು ಜನರಿರುವ ಊರಿಂದ ಸಿಟಿ ಬಸ್ ಹತ್ತಿದರೆ ಕಾಡಿನ ಬಾಗಿಲಲ್ಲಿ ಇಳಿಯಬಹುದು. ಅದೇ ಇಲ್ಲಿನ ಸುಖ, ಅದೇ ಇಲ್ಲಿನ ತೊಂದರೆ.

ಟಿಕೆಟ್ ಎಷ್ಟು?

ಇಲ್ಲ. ಗೇಟೂ ಇಲ್ಲ, ಕೌಂಟರೂ ಇಲ್ಲ.

ಹಾಗಾದ್ರೆ ಯಾವಾಗ ಬೇಕಾದ್ರೂ ಹೋಗಬಹುದು ಅಂತಾಯ್ತು?

ಆಗಲಿಲ್ಲ. ಎಲ್ಲರೂ ಎಡವುವುದು ಇಲ್ಲೇ.

ನಮಗೆ ಜೂನ್ ಅಂದರೆ ಮಳೆ. ಇಲ್ಲಿ ಉಲ್ಟಾ. ಬೇಸಿಗೆಯೆಂದರೆ ಹನಿ ನೀರಿಲ್ಲದ ಕಾಲ. ಮಳೆ ಬರೋದು ಶರತ್ಕಾಲದಲ್ಲಿ, ಚಳಿಗಾಲದಲ್ಲಿ. ವರ್ಷಪೂರ್ತಿ ಸೇರಿಸಿದರೂ ಮಾರ್ಸೆಗೆ ಬೀಳುವ ಮಳೆ ಐನೂರು ಚಿಲ್ಲರೆ ಮಿಲಿಮೀಟರ್. ಆಗುಂಬೆಯವರು ಜುಲೈಯಲ್ಲಿ ಅಷ್ಟನ್ನು ಒಂದೆರಡು ವಾರದಲ್ಲಿ ನೋಡಿಬಿಡುತ್ತಾರೆ. ಹಾಗಾಗಿ ಜುಲೈ ಹೊತ್ತಿಗೆ ಬೆಟ್ಟದ ಮೇಲಿನ ಅಲೆಪ್ಪೊ ಪೈನ್ ಮರಗಳು, ರೋಸ್‌ಮೇರಿ ಪೊದೆಗಳು ಎಲ್ಲಾ ಒಣಗಿ ಗರಿಗರಿ. ಅದರ ಮೇಲೆ ಮಿಸ್ತ್ರಾಲ್ ಅನ್ನೋ ಗಾಳಿ. ರೋನ್ ನದಿಯ ಕಣಿವೆಯುದ್ದಕ್ಕೂ ವಾಯವ್ಯದಿಂದ ಬೀಸುತ್ತದೆ. ಜೋರಾದರೆ ಗಂಟೆಗೆ 100 ಕಿ.ಮೀ. ಮುಟ್ಟುತ್ತದೆ. ಒಂದು ಬೀಡಿ ತುಂಡು ಸಾಕು. 2016ರ ಸೆಪ್ಟೆಂಬರಿನಲ್ಲಿ ನೂರಾರು ಹೆಕ್ಟೇರ್ ಕೆಲವೇ ಗಂಟೆಗಳಲ್ಲಿ ಸುಟ್ಟುಹೋಯಿತು.

ಅದಕ್ಕೇ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಾಡಿಗೆ ಹೋಗಬಹುದೋ ಇಲ್ಲವೋ ಅನ್ನೋದು ದಿನದಿನದ ತೀರ್ಮಾನ. ಬೆಂಕಿಯ ಅಪಾಯ ಎಷ್ಟಿದೆ ನೋಡಿಕೊಂಡು ಜಿಲ್ಲಾಡಳಿತ ಮರುದಿನಕ್ಕೆ ಒಂದು ಬಣ್ಣ ಕೊಡುತ್ತದೆ. ಹಿಂದಿನ ದಿನ ಸಂಜೆ ಅದು ಪ್ರಕಟವಾಗುತ್ತದೆ. ಕೆಂಪು ಬಂದರೆ ಬೆಟ್ಟ ಬಂದ್. ಕೆಂಪಿನ ದಿನ ಒಳಗೆ ಸಿಕ್ಕಿಬಿದ್ದರೆ 135 ಯೂರೊ ದಂಡ. ಪಾರ್ಕಿನದೇ 'ಮೆ ಕಲಾಂಕ್' ಅನ್ನೋ ಆಪ್ ಇದೆ, ಬಣ್ಣ ಅದರಲ್ಲೇ ಕಾಣುತ್ತದೆ. ನಮ್ಮ ಮನೆಯಲ್ಲಿ ಬೇಸಿಗೆಯ ಸಂಜೆ ಕಾಫಿ ಕುಡಿಯುತ್ತಾ ಇದನ್ನು ನೋಡೋದು ರೂಢಿಯಾಗಿಬಿಟ್ಟಿದೆ.

ನಾನು ಹೇಳೋದಿಷ್ಟೇ: ಬೇಸಿಗೆಯಲ್ಲಿ ಬರೋದಾದರೆ ಕಲಾಂಕ್‌ಗೆ ಒಂದೇ ದಿನ ಇಟ್ಟುಕೊಳ್ಳಬೇಡಿ. ಮೂರು ದಿನ ಮಾರ್ಸೆಯಲ್ಲಿರಿ, ಅದರಲ್ಲಿ ಯಾವ ದಿನ ಬೆಟ್ಟಕ್ಕೆ ಅನ್ನೋದನ್ನು ಹಿಂದಿನ ಸಂಜೆ ತೀರ್ಮಾನ ಮಾಡಿ. ಪ್ಯಾರಿಸ್‌ನಿಂದ ಬೆಳಿಗ್ಗೆ ರೈಲಿನಲ್ಲಿ ಬಂದು ರಾತ್ರಿ ವಾಪಸ್ ಹೋಗುವ ಪ್ಲಾನ್ ಹಾಕಿಕೊಂಡವರು ಬಸ್ ಸ್ಟಾಪಿನಲ್ಲಿ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದನ್ನು ತುಂಬಾ ಸಲ ನೋಡಿದ್ದೇನೆ.

ಸುಜಿತೋಂ ಅನ್ನೋ ಕಲಾಂಕ್‌ಗೆ ಬುಕಿಂಗ್ ಬೇಕಂತೆ, ನಿಜಾನಾ?

ನಿಜ. ಬೇಸಿಗೆಯ ದಟ್ಟಣೆಯ ದಿನಗಳಲ್ಲಿ ಮಾತ್ರ. 2022ರ ಬೇಸಿಗೆಯಿಂದ ಈ ಪದ್ಧತಿ ಇದೆ. ದಿನಕ್ಕೆ 400 ಜನ. ದುಡ್ಡಿಲ್ಲ, ಆದರೆ ಮೊದಲೇ ಆನ್‌ಲೈನಲ್ಲಿ ಹೆಸರು ಬರೆಸಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಬೇಕು. ಬುಕಿಂಗ್ ತೆರೆಯೋದು ಮೂರು ದಿನ ಮುಂಚೆ. ಇಲ್ಲದೆ ಹೋದರೆ 68 ಯೂರೊ ದಂಡ. ಯಾವ್ಯಾವ ದಿನಗಳಿಗೆ ಅನ್ನೋದನ್ನು ಪಾರ್ಕ್ ಪ್ರತಿ ವರ್ಷ ಪ್ರಕಟಿಸುತ್ತದೆ. ಕುಮಾರ ಪರ್ವತಕ್ಕೆ ಆನ್‌ಲೈನ್ ಬುಕ್ ಮಾಡಿ ಹತ್ತಿದವರಿಗೆ ಇದೇನೂ ಹೊಸದಲ್ಲ.

"ಸಮುದ್ರಕ್ಕೆ ಹೋಗೋದಕ್ಕೂ ಬುಕಿಂಗಾ?" ಅಂತ ಮೂಗು ಮುರಿಯುವವರಿದ್ದಾರೆ. ನಾನೂ ಮುರಿದವನೇ. ಬುಕಿಂಗ್ ಬರುವ ಮುಂಚೆ ಒಂದು ಆಗಸ್ಟ್ ಭಾನುವಾರ ಹೋಗಿದ್ದೆ. ಅಂಥ ದಿನಗಳಲ್ಲಿ ಆ ಪುಟ್ಟ ಜಾಗಕ್ಕೆ 2,500 ಜನರವರೆಗೂ ಬರುತ್ತಿದ್ದರು. ಟವೆಲ್ ಹಾಸೋಕೆ ಜಾಗ ಸಿಗದೆ ದಡದ ಮೇಲಿನ ಇಳಿಜಾರಿನಲ್ಲಿ ಒಂದು ಪೈನ್ ಮರದ ಕೆಳಗೆ ಕೂತೆ. ಒರಗೋಣ ಅಂತ ಹಿಂದೆ ಸರಿದರೆ ಬೆನ್ನಿಗೆ ಬೇರು ತಾಗಿತು. ನೋಡಿದರೆ ಮರದ ಬೇರುಗಳೆಲ್ಲಾ ಮೊಣಕಾಲೆತ್ತರಕ್ಕೆ ಗಾಳಿಯಲ್ಲಿ ತೂಗುತ್ತಿವೆ. ಕೆಳಗೆ ಮಣ್ಣೇ ಇಲ್ಲ. ವರ್ಷಗಟ್ಟಲೆ ಕಾಲುಗಳು ಮಣ್ಣನ್ನು ಸಡಿಲ ಮಾಡಿ, ಮಳೆ ಬಂದಾಗ ಅದೆಲ್ಲ ಸಮುದ್ರಕ್ಕೆ ಹೋಗಿದೆ. ಇಷ್ಟು ತುಳಿತದಲ್ಲಿ ಹೊಸ ಸಸಿ ಏಳುವ ಮಾತೇ ಇಲ್ಲ. ಅವತ್ತಿನಿಂದ ನಾನು 400ರ ಪರ.

ಸುಜಿತೋಂಗೆ ಹೋಗೋದು ಸುಲಭ. ರೋಂ-ಪ್ವಾಂ ದ್ಯು ಪ್ರಾಡೋ ಮೆಟ್ರೊದ ಹತ್ತಿರ ಬಿ-1 ಬಸ್ ಹತ್ತಿ ಕೊನೆಯ ಸ್ಟಾಪ್ ಲ್ಯುಮಿನಿಯಲ್ಲಿ ಇಳಿಯಿರಿ. ಅದು ವಿಶ್ವವಿದ್ಯಾಲಯದ ಕ್ಯಾಂಪಸ್. ಹುಡುಗ ಹುಡುಗಿಯರು ಕ್ಲಾಸಿಗೆ ಹೋಗುತ್ತಿರುತ್ತಾರೆ, ನೀವು ಅವರ ಪಕ್ಕದಲ್ಲೇ ಕಾಡಿಗೆ. ಇಳಿಯೋಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ವಾಪಸ್ ಬರುವಾಗ ಏರು ಅನ್ನೋದು ನೆನಪಿರಲಿ.

ಯಾವ ತಿಂಗಳು ಒಳ್ಳೇದು?

ಏಪ್ರಿಲ್, ಮೇ. ಇಲ್ಲವಾದರೆ ಅಕ್ಟೋಬರ್. ವಸಂತದಲ್ಲಿ ಹೂವಿರುತ್ತದೆ, ಜನ ಕಮ್ಮಿ, ಬಣ್ಣದ ತಲೆನೋವಿಲ್ಲ. ಆದರೆ ನೀರು ಕೊರೆಯುತ್ತದೆ. ಅಕ್ಟೋಬರಿನಲ್ಲಿ ಬೇಸಿಗೆಯ ಬಿಸಿ ನೀರಿನಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ. ಜನವರಿಯಲ್ಲೂ ಬಿಸಿಲಿನ ದಿನ ಸಿಕ್ಕಿದರೆ ಸ್ವೆಟರ್ ಹಾಕಿಕೊಂಡು ಆರಾಮಾಗಿ ನಡೆಯಬಹುದು, ಆರು ಗಂಟೆಯೊಳಗೆ ಕತ್ತಲಾಗುತ್ತದೆ ಅಷ್ಟೇ. ಮಕ್ಕಳ ಸ್ಕೂಲ್ ರಜೆ ಅಂತ ಏಪ್ರಿಲ್-ಮೇನಲ್ಲಿ ಬರುವ ನಮ್ಮವರಿಗೆ ಈ ವಿಷಯದಲ್ಲಿ ಅದೃಷ್ಟವಿದೆ.

ಮೊದಲ ಸಲ ಹೋಗೋರಿಗೆ ಯಾವ ಕಲಾಂಕ್?

ಕಸ್ಸಿ ಕಡೆಯಿಂದ ಶುರು ಮಾಡಿ. ಬರೆಯುವಾಗ ಕೊನೆಯಲ್ಲಿ ಎಸ್ ಇದೆ, ಊರಿನವರು ಅದನ್ನು ನುಂಗಿ 'ಕಸ್ಸಿ' ಅನ್ನುತ್ತಾರೆ. ಮಾರ್ಸೆಯ ಸೇಂ-ಶಾರ್ಲ್ ಸ್ಟೇಷನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಕಸ್ಸಿ ಸ್ಟೇಷನ್ನಿನಿಂದ ಊರು ಸುಮಾರು 3 ಕಿ.ಮೀ. ಸಣ್ಣ ಬಸ್ಸಿದೆ. ಇಳಿಜಾರಾದ್ದರಿಂದ ದ್ರಾಕ್ಷಿ ತೋಟಗಳ ನಡುವೆ ನಡೆದೂ ಹೋಗಬಹುದು.

ಅಲ್ಲಿಂದ ಸಾಲಾಗಿ ಮೂರು ಸಿಗುತ್ತವೆ. ಮೊದಲನೆಯದು ಪೋರ್-ಮಿಯು. ಉದ್ದಕ್ಕೂ ದೋಣಿ ಕಟ್ಟಿದ್ದಾರೆ, ಈಜೋಕೆ ಲಾಯಕ್ಕಿಲ್ಲ. ಆದರೆ ಸುಮ್ನೆ ದಾಟಿ ಹೋಗಬೇಡಿ. ಇಲ್ಲಿ ಹಿಂದೆ ಕಲ್ಲುಗಣಿಯಿತ್ತು. ಕಲ್ಲನ್ನು ನೇರವಾಗಿ ಹಡಗಿಗೆ ಸುರಿಯುತ್ತಿದ್ದ ಕಟ್ಟಡ ಈಗಲೂ ನಿಂತಿದೆ. ಗಣಿಗಾರಿಕೆ ಬೇಡ ಅಂತ 1910ರಲ್ಲೇ ಜನ ಗುಂಪು ಗುಂಪಾಗಿ ಇಲ್ಲಿಗೆ ಬಂದು ಪ್ರತಿಭಟನೆ ಮಾಡಿದ್ದರು. ಅವತ್ತು ಬಂದವರ ಮೊಮ್ಮಕ್ಕಳು ಮುದುಕರಾಗುವ ಹೊತ್ತಿಗೆ ರಾಷ್ಟ್ರೀಯ ಉದ್ಯಾನವಾಯಿತು.

ಎರಡನೆಯದು ಪೋರ್-ಪ್ಯಾಂ. ಊರಿನಿಂದ ಒಂದು ಗಂಟೆ ನಡಿಗೆ. ಪುಟ್ಟ ದಡ, ನೀರಿನವರೆಗೂ ಪೈನ್ ನೆರಳು. ಮಕ್ಕಳಿದ್ದರೆ ಇಲ್ಲೇ ನಿಂತುಬಿಡಿ. ಮೂರನೆಯದು ಆಂ-ವೋ. ಫೋಟೊಗಳಲ್ಲಿ ನೀವು ನೋಡಿರುವುದು ಬಹುತೇಕ ಇದನ್ನೇ. ನೇರ ನಿಂತ ಗೋಡೆಗಳು, ಸೂಜಿಯ ಹಾಗೆ ಎದ್ದ ಬಂಡೆಗಳು. ಮೇಲಿನಿಂದ ಕೆಳಗಿಳಿಯುವ ದಾರಿ ಮಾತ್ರ ಕಡಿದು. ಅದರ ಕತೆ ಮುಂದೆ ಹೇಳುತ್ತೇನೆ.

ಇವಿಷ್ಟು ಆದ ಮೇಲೆ ಮಾರ್ಸೆ ಕಡೆಯ ಸೊರ್ಮಿಯು, ಮೊರ್ಜಿಯುಗೆ ಹೋಗಿ. ಅಲ್ಲಿ ಬೆಸ್ತರ ಹಳೆಯ ಪುಟ್ಟ ಮನೆಗಳಿವೆ, 'ಕಬಾನೋಂ' ಅನ್ನುತ್ತಾರೆ. ಮೊರ್ಜಿಯು ದಾರಿಯಲ್ಲಿ ಊರಿನ ದೊಡ್ಡ ಜೈಲು ಸಿಗುತ್ತದೆ. ಜೈಲಿನ ಗೋಡೆ ದಾಟಿ ಒಂದೆರಡು ತಿರುವು ಹೋದರೆ ಸಮುದ್ರ ಕಾಣುತ್ತದೆ. ಮಾರ್ಸೆ ಇಂಥ ಊರು.

ಕಾರಲ್ಲಿ ಕೆಳಗಿನವರೆಗೂ ಹೋಗಬಹುದಾ?

ಸೊರ್ಮಿಯು, ಮೊರ್ಜಿಯುಗೆ ಟಾರ್ ರಸ್ತೆಯಿದೆ, ಆದರೆ ಬೇಸಿಗೆಯಲ್ಲಿ ಹೊರಗಿನವರ ಕಾರಿಗೆ ಮುಚ್ಚುತ್ತಾರೆ. ಬೇರೆ ಕಡೆ ದಾರಿ ಶುರುವಾಗುವ ಹತ್ತಿರ ನಿಲ್ಲಿಸಬೇಕು. ಕಾರಿನೊಳಗೆ ಬ್ಯಾಗು, ಪಾಸ್‌ಪೋರ್ಟು, ಏನನ್ನೂ ಬಿಡಬೇಡಿ. ಗಾಜು ಒಡೆಯುವವರು ಇದ್ದಾರೆ. ಬಸ್ಸೇ ವಾಸಿ.

ಅಪ್ಪ ಅಮ್ಮನ್ನ ಕರ್ಕೊಂಡು ಬರ್ತಿದೀವಿ. ಮಂಡಿ ನೋವಿದೆ. ಏನು ಮಾಡೋದು?

ದೋಣಿ. ಕಸ್ಸಿ ಬಂದರಿನಲ್ಲೇ ಟಿಕೆಟ್ ಕೊಡುತ್ತಾರೆ. ಮೂರು ಕಲಾಂಕ್, ಐದು ಕಲಾಂಕ್, ಹೀಗೆ ಸುತ್ತುಗಳಿವೆ. ಮೂರರ ಸುತ್ತು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ದೊಡ್ಡವರಿಗೆ ಅಷ್ಟು ಸಾಕು. ದೋಣಿ ಒಳಗೆ ಹೋಗಿ ತಿರುಗಿ ಬರುತ್ತದೆ, ದಡದಲ್ಲಿ ಇಳಿಸೋದಿಲ್ಲ. ಗಾಳಿ ಜೋರಿದ್ದರೆ ಹೊರಡುವುದೂ ಇಲ್ಲ.

ನನ್ನ ಅಮ್ಮ ಬಂದಾಗ ನಾವು ಇನ್ನೊಂದು ಮಾಡಿದೆವು. 19ನೇ ನಂಬರ್ ಬಸ್ಸು, ಆಮೇಲೆ 20 ಹಿಡಿದು ಲೆ ಗೂದ್, ಕಾಲ್‌ಲೋಂಗ್ ಕಡೆ ಹೋದೆವು. ಮಾರ್ಸೆಯ ರಸ್ತೆ ಮುಗಿಯೋದೇ ಅಲ್ಲಿ. ನಡೆಯುವ ಕೆಲಸವೇ ಇಲ್ಲ. ಬಸ್ಸಿಳಿದರೆ ಬೋಳು ಬಿಳಿ ಬೆಟ್ಟ, ಪುಟ್ಟ ಬಂದರು, ಎದುರಿಗೆ ದ್ವೀಪಗಳು. ಅಮ್ಮ ಕಟ್ಟೆಯ ಮೇಲೆ ಕೂತು ಒಂದು ಗಂಟೆ ಅಲ್ಲಾಡಲಿಲ್ಲ. ಆಮೇಲೆ, "ಮರಾನೇ ಇಲ್ವಲ್ಲೋ ಇಲ್ಲಿ, ಯಾರು ಕಡಿದ್ರು?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಕುರಿ ಮೇಕೆ, ಸುಣ್ಣದ ಗೂಡಿಗೆ ಸೌದೆ, ಆಮೇಲೆ ಮತ್ತೆ ಮತ್ತೆ ಬೆಂಕಿ. ಮಿಕ್ಕಿದ್ದನ್ನು ಉಪ್ಪುಗಾಳಿ ನೋಡಿಕೊಂಡಿತು.

ಶೂ ಬೇಕೇ ಬೇಕಾ? ಚಪ್ಪಲಿಯಲ್ಲಿ ಆಗಲ್ವಾ?

ಬೆಂಗಳೂರಿನಿಂದ ಬಂದಿದ್ದ ನಮ್ಮ ಭಾವನೂ ಇದನ್ನೇ ಕೇಳಿದ್ದರು. "ಶಿವಗಂಗೆ ಚಪ್ಪಲಿಯಲ್ಲೇ ಹತ್ತಿದೀನಿ ಕಣೋ, ಇದ್ಯಾವ ಮಹಾ ಬೆಟ್ಟ" ಅಂದರು. ವ್ಯತ್ಯಾಸ ಇರೋದು ಕಲ್ಲಿನಲ್ಲಿ. ನಮ್ಮ ಕಡೆಯ ಬಂಡೆ ಒರಟು, ಕಾಲಿಗೆ ಹಿಡಿತ ಕೊಡುತ್ತದೆ. ಇದು ಸುಣ್ಣಕಲ್ಲು. ಜನ ತುಳಿದು ತುಳಿದು ದಾರಿಯ ಕಲ್ಲೆಲ್ಲಾ ಹಳೆಯ ದೇವಸ್ಥಾನದ ಮೆಟ್ಟಿಲಿನ ಹಾಗೆ ನುಣ್ಣಗಾಗಿದೆ, ಮಿರಿಮಿರಿ ಹೊಳೆಯುತ್ತದೆ. ಅದರ ಮೇಲೆ ಸಣ್ಣ ಕಲ್ಲಿನ ಪುಡಿ ಬೇರೆ. ಆಂ-ವೋ ಇಳಿಜಾರಿನ ಅರ್ಧದಲ್ಲಿ ಭಾವ ಜಾರಿದರು. ಕಾಲು ಉಳುಕಿತು. ಉಳಿದ ದಾರಿಯನ್ನು ಕೂತುಕೊಂಡೇ ಇಳಿದರು. ಹತ್ತುವಾಗ ನನ್ನ ಹೆಗಲು. ಪ್ಯಾಂಟಿನ ಹಿಂಭಾಗ ಏನಾಯಿತು ಅಂತ ಹೇಳೋದು ಬೇಡ.

ಹಿಡಿತವಿರುವ ಶೂ ಹಾಕಿಕೊಳ್ಳಿ. ಏನಾದರೂ ಆದರೆ 112ಕ್ಕೆ ಫೋನ್ ಮಾಡಿ, ಸಮುದ್ರದ ಮೇಲಿದ್ದರೆ 196. ಕಣಿವೆಯೊಳಗೆ ಸಿಗ್ನಲ್ ಎಲ್ಲಾ ಕಡೆ ಸಿಗೋದಿಲ್ಲ.

ಕುಡಿಯೋ ನೀರು, ಊಟ?

ನೀರಿಲ್ಲ. ನಲ್ಲಿ ಇಲ್ಲ, ಝರಿ ಇಲ್ಲ. ಇಷ್ಟು ದೊಡ್ಡ ಬೆಟ್ಟದಲ್ಲಿ ಒಂದು ತೊರೆಯೂ ಕಾಣೋದಿಲ್ಲ. ಸುಣ್ಣಕಲ್ಲು ಬಿದ್ದ ಮಳೆಯನ್ನೆಲ್ಲಾ ಬಿರುಕುಗಳಲ್ಲಿ ಕುಡಿದುಬಿಡುತ್ತದೆ. ಆ ನೀರು ನೆಲದೊಳಗೆ ನದಿಯಾಗಿ ಹರಿದು ಪೋರ್-ಮಿಯು ಹತ್ತಿರ ಸಮುದ್ರದ ಕೆಳಗೆ ಹೊರಬರುತ್ತದೆ. 1970ರ ದಶಕದಲ್ಲಿ ಆ ಸುರಂಗದೊಳಗೆ ಅಡ್ಡಗೋಡೆ ಕಟ್ಟಿ ಉಪ್ಪು ನೀರನ್ನು ತಡೆಯೋಕೆ ನೋಡಿದರು. ನೀರು ಆಗಲೂ ಪೂರ್ತಿ ಸಿಹಿಯಾಗಲಿಲ್ಲ. ಒಬ್ಬರಿಗೆ ಎರಡು ಲೀಟರ್ ಅಂತ ಲೆಕ್ಕ ಹಾಕಿ ಮನೆಯಿಂದಲೇ ಹೊತ್ತುಕೊಂಡು ಬನ್ನಿ.

ಊಟಕ್ಕೆ ಚಪಾತಿ ಸುರುಳಿ, ಚಿತ್ರಾನ್ನ. ಮೊಸರನ್ನ ಬೇಡ, ಬಿಸಿಲಿಗೆ ಹುಳಿ ಹಿಡಿಯುತ್ತದೆ. ನಿಂಬೆಹಣ್ಣಿನ ಸಿಪ್ಪೆಯೂ ಸೇರಿ ಎಲ್ಲವನ್ನೂ ವಾಪಸ್ ತನ್ನಿ. ಕಾಡಿನೊಳಗೆ ಕಸದ ಡಬ್ಬಿ ಹುಡುಕಬೇಡಿ. ಟಾಯ್ಲೆಟ್ಟನ್ನೂ ಹುಡುಕಬೇಡಿ, ಹೊರಡುವಾಗಲೇ ಮುಗಿಸಿಕೊಳ್ಳಿ.

ಆಗಸ್ಟ್‌ನಲ್ಲೂ ನೀರು ಐಸ್ ಥರ ಇತ್ತು ಅಂತ ಫ್ರೆಂಡ್ ಹೇಳಿದ. ಸುಳ್ಳಲ್ವಾ?

ಸುಳ್ಳಲ್ಲ. ಅವನು ಮಿಸ್ತ್ರಾಲ್ ಬೀಸಿದ ಮರುದಿನ ಹೋಗಿರಬೇಕು. ಆ ಗಾಳಿ ದಡದಿಂದ ಸಮುದ್ರದ ಕಡೆ ಬೀಸುತ್ತದೆ. ಬಿಸಿಲಿಗೆ ಕಾದ ಮೇಲಿನ ನೀರನ್ನೆಲ್ಲಾ ಆಚೆಗೆ ತಳ್ಳುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ನಿನ್ನೆ 24 ಡಿಗ್ರಿ ಇದ್ದದ್ದು ಇವತ್ತು 16. ಗಾಳಿ ನಿಂತು ಆಕಾಶ ತೊಳೆದ ಹಾಗಿರುತ್ತದೆ, ನೀರು ಗಾಜಿನ ಹಾಗೆ ತಿಳಿ. ನೋಡಿ ಮೋಸ ಹೋಗಿ ಧುಮುಕಿದವರು ಕೂಗುತ್ತಾ ಮೇಲೆ ಬರುತ್ತಾರೆ. ಮೊದಲು ಕಾಲು ಇಟ್ಟು ನೋಡಿ.

ದಡದಲ್ಲಿ ಕಂದು ಬಣ್ಣದ ಕೊಳೆತ ಎಲೆ ರಾಶಿ ಬಿದ್ದಿರುತ್ತೆ. ಕ್ಲೀನ್ ಮಾಡಲ್ವಾ?

ಅದು ಕಸ ಅಲ್ಲ, ಪೊಸಿಡೋನಿಯಾ. ನೋಡೋಕೆ ಪಾಚಿಯ ಹಾಗಿದ್ದರೂ ಅದು ಬೇರು, ಎಲೆ, ಹೂವು ಎಲ್ಲಾ ಇರುವ ಗಿಡ. ಸಮುದ್ರದ ತಳದಲ್ಲಿ ಹುಲ್ಲುಗಾವಲಿನ ಹಾಗೆ ಬೆಳೆಯುತ್ತದೆ. ಇಲ್ಲಿನ ಈ ಜಾತಿ ಮೆಡಿಟರೇನಿಯನ್ ಬಿಟ್ಟು ಬೇರೆಲ್ಲೂ ಇಲ್ಲ. ಮೀನುಮರಿಗಳು ಬೆಳೆಯೋದು ಅದರೊಳಗೆ. ಚಳಿಗಾಲದ ಹೊತ್ತಿಗೆ ಉದುರಿದ ಎಲೆ ದಡಕ್ಕೆ ಬಂದು ದಿಂಬಿನ ಹಾಗೆ ಕೂರುತ್ತದೆ. ಅಲೆಯ ಏಟು ಆ ದಿಂಬಿಗೆ ಬೀಳುವುದರಿಂದ ದಡದ ಮರಳು ಉಳಿಯುತ್ತದೆ. ದೊಡ್ಡ ಹಡಗಿನ ಲಂಗರು ಬಿದ್ದರೆ ಈ ಹುಲ್ಲು ಬುಡಸಮೇತ ಕಿತ್ತು ಬರುತ್ತದೆ. ಮತ್ತೆ ಬೆಳೆಯೋದು ತೀರಾ ನಿಧಾನ. ಹಾಗಾಗಿ 24 ಮೀಟರಿಗಿಂತ ಉದ್ದದ ಹಡಗುಗಳು ಇದರ ಮೇಲೆ ಲಂಗರು ಹಾಕುವಂತಿಲ್ಲ.

ರಾಶಿಯ ಪಕ್ಕದಲ್ಲಿ ನಿಂಬೆಗಾತ್ರದ ಕಂದು ಉಂಡೆಗಳು ಉರುಳಾಡುತ್ತಿರುತ್ತವೆ, ನೋಡಿ. ಅದೇ ಗಿಡದ ನಾರನ್ನು ಅಲೆಗಳು ಉರುಳಿಸಿ ಉರುಳಿಸಿ ಕಟ್ಟಿದ ಉಂಡೆ. ಒಂದನ್ನು ಕೈಗೆ ತಗೊಂಡು ಬಿಡಿಸಿದೆ. ಥೇಟ್ ತೆಂಗಿನ ನಾರು. ಪಾತ್ರೆ ಉಜ್ಜಬಹುದು ಅನ್ನಿಸಿತು.

ಸಮುದ್ರದೊಳಗೆ ಆದಿಮಾನವರ ಗುಹೆ ಇದೆಯಂತಲ್ಲ, ನೋಡಬಹುದಾ?

ಕೋಸ್ಕೇರ್ ಗುಹೆ. ಅಸಲಿಯನ್ನು ನೋಡೋಕಾಗಲ್ಲ. ಮೊರ್ಜಿಯು ಭೂಶಿರದ ಕೆಳಗಿದೆ. ಬಾಗಿಲು ನೀರಿನ ಮಟ್ಟದಿಂದ 37 ಮೀಟರ್ ಆಳದಲ್ಲಿ. ಅಲ್ಲಿಂದ ನೀರು ತುಂಬಿದ ಉದ್ದನೆಯ ಸುರಂಗದಲ್ಲಿ ಈಜಿ ಮೇಲೇರಿದರೆ ಒಣ ಗುಹೆ. ಆಂರಿ ಕೋಸ್ಕೇರ್ ಎಂಬ ಮುಳುಗುಗಾರ 1985ರಲ್ಲಿ ಇದನ್ನು ಕಂಡುಹಿಡಿದರು. 1991ರಲ್ಲಿ ಮೂವರು ಮುಳುಗುಗಾರರು ಸುರಂಗದಲ್ಲಿ ದಾರಿ ತಪ್ಪಿ ಸತ್ತರು. ವಿಷಯ ಸರ್ಕಾರಕ್ಕೆ ತಿಳಿಸಿದ್ದು ಆ ಮೇಲೆ. ಈಗ ಬಾಗಿಲು ಮುಚ್ಚಿದ್ದಾರೆ.

ಒಳಗಿರೋದು ಸುಮಾರು 27,000 ವರ್ಷ ಹಿಂದಿನ ಕೈಯಚ್ಚುಗಳು, 19,000 ವರ್ಷದ ಆಚೀಚೆ ಬರೆದ ಕುದುರೆಗಳು, ಈಗ ಭೂಮಿಯ ಮೇಲೆ ಇಲ್ಲವೇ ಇಲ್ಲದ ಗ್ರೇಟ್ ಆಕ್ ಎಂಬ ಕಡಲ ಹಕ್ಕಿ. ಬರೆದವರು ನಡೆದುಕೊಂಡೇ ಒಳಗೆ ಹೋಗಿದ್ದರು, ಆಗ ಸಮುದ್ರ ಕಿಲೋಮೀಟರುಗಟ್ಟಲೆ ದೂರವಿತ್ತು. ಈಗ ನೀರು ಇನ್ನೂ ಏರುತ್ತಿದೆ, ಗೋಡೆಯ ಕೆಳಗಿನ ಕುದುರೆಗಳ ಕಾಲಿನ ಹತ್ತಿರ ಬಂದಿದೆ. ಅದಕ್ಕೇ ಅದರ ಪಡಿಯಚ್ಚನ್ನು ಮಾರ್ಸೆ ಬಂದರಿನಲ್ಲಿ ಕಟ್ಟಿ 2022ರ ಜೂನ್‌ನಲ್ಲಿ ತೆರೆದರು. ನಕಲಿ ಅಂತ ಬಿಡಬೇಡಿ.

ಏನೇನು ಮಾಡಬಾರದು?

ಬೆಂಕಿ, ಸಿಗರೇಟು, ಟೆಂಟು, ಡ್ರೋನು, ಜೋರು ಹಾಡು, ಹೂ ಕೀಳೋದು. ಗುರುತು ಹಾಕಿದ ದಾರಿ ಬಿಟ್ಟು ಅಡ್ಡದಾರಿ ಹಿಡಿಯೋದು. ಕಾಲ್‌ಲೋಂಗ್ ಕಡೆ ದಾರಿಪಕ್ಕದಲ್ಲಿ ಬೂದುಹಸಿರು ಬಣ್ಣದ, ದುಂಡಗಿನ ಮುಳ್ಳಿನ ಗಿಡ ಕಾಣುತ್ತದೆ. ಫ್ರಾನ್ಸಿನಲ್ಲಿ ಅಪರೂಪದ್ದು, ತುಳಿಯಬೇಡಿ. ಇಲ್ಲಿನವರು ಅದಕ್ಕೆ ಇಟ್ಟ ಹೆಸರು 'ಅತ್ತೆಯ ಮೆತ್ತೆ'. ಪ್ರಾಸ ಕನ್ನಡದಲ್ಲೇ ಚೆನ್ನಾಗಿ ಕೂತಿದೆ ಅಲ್ವಾ?

ಎಲ್ಲಾ ಮಾಡಿ, ಹೊರಡೋ ಹಿಂದಿನ ಸಂಜೆ ಕೆಂಪು ಬಂದ್ರೆ?

ದೋಣಿಗೆ ಬೆಂಕಿಯ ನಿಯಮ ಇಲ್ಲ, ಕೇಳಿ ನೋಡಿ. ಆದರೆ ಕೆಂಪು ಬರೋದು ಸಾಮಾನ್ಯವಾಗಿ ಗಾಳಿಯ ದಿನ, ಗಾಳಿಯ ದಿನ ದೋಣಿಯೂ ಅನುಮಾನ. ಆಗ ಗುಹೆಯ ನಕಲು ನೋಡಿ. ಸಂಜೆ ಊರಿನ ಪಶ್ಚಿಮದ ಲೆಸ್ತಾಕ್ ಬಂದರಿಗೆ ಹೋಗಿ. ಅಲ್ಲಿನ ಗೂಡಂಗಡಿಗಳಲ್ಲಿ 'ಪಾನಿಸ್' ಮಾರುತ್ತಾರೆ. ಕಡಲೆಹಿಟ್ಟನ್ನು ನೀರಿನಲ್ಲಿ ಮುದ್ದೆಯ ಹದಕ್ಕೆ ಬೇಯಿಸಿ, ಆರಿಸಿ, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಎಣ್ಣೆಯಲ್ಲಿ ಕರಿದದ್ದು. ಮೊಟ್ಟೆಯಿಲ್ಲ, ಮಾಂಸವಿಲ್ಲ. ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿ ಕೊಡುತ್ತಾರೆ. ಉಪ್ಪು, ಮೆಣಸಿನಪುಡಿ ಉದುರಿಸೋಕೆ ಹೇಳಿ. ಭಾವ ಕಾಲು ಉಳುಕಿಸಿಕೊಂಡ ಮರುದಿನ ಅಲ್ಲೇ ಕೂತು ಎರಡು ಪೊಟ್ಟಣ ಮುಗಿಸಿ, ಚಟ್ನಿ ಎಲ್ಲಿ ಅಂತ ಕೇಳಿದರು.